ಬಂದನೋ, ಬಂದಳೋ, ಬಂದಿತೋ?



ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನಿಗೆ ನಿವೃತ್ತಿಯ ನಂತರವೂ ಒಂದು ಚಟ ಬಿಡುವುದಿಲ್ಲ. ದಿನಪತ್ರಿಕೆಯನ್ನು ಕೈಗೆತ್ತಿಕೊಂಡರೆ ಸುದ್ದಿಗಿಂತ ಮೊದಲು ಕ್ರಿಯಾಪದ ಕಣ್ಣಿಗೆ ಬೀಳುತ್ತದೆ. ಲಿಂಗ, ವಚನ, ವಿಭಕ್ತಿಗಳನ್ನು ನಿಮ್ಮ ತಲೆಗೆ ತುಂಬಲು ನಾನು ಪಟ್ಟ ಪಾಡು ನಿಮಗೆ ನೆನಪಿರಬಹುದು. ನೀವು ಪಟ್ಟ ಪಾಡಂತೂ ನೆನಪಿದ್ದೇ ಇರುತ್ತದೆ. ಇಂದು ಬರೆಯಹೊರಟಿರುವುದು ಆ ವ್ಯಾಕರಣದ ಒಂದು ಚಿಕ್ಕ ಪ್ರತ್ಯಯದ ಚರಿತ್ರೆ. ಹೆಣ್ಣಾಗಿ ಬಾಳುತ್ತಿರುವ, ಆದರೆ ಹುಟ್ಟಿದಾಗ ಗಂಡೆಂದು ಬರೆಯಲ್ಪಟ್ಟ ವ್ಯಕ್ತಿಗಳ ಕುರಿತು ನಮ್ಮ ಕನ್ನಡ ಪತ್ರಿಕೆಗಳೂ ವಾಹಿನಿಗಳೂ ಸುದ್ದಿ ಬರೆಯುವಾಗ ವಾಕ್ಯದ ಕೊನೆಗೆ ಏನನ್ನು ಹಚ್ಚುತ್ತಾ ಬಂದಿವೆ? ‘ಬಂದನು’ ಎಂದೋ, ‘ಬಂದಳು’ ಎಂದೋ, ‘ಬಂದಿತು’ ಎಂದೋ, ‘ಬಂದರು’ ಎಂದೋ? ವಿಷಯ ಸಣ್ಣದೆಂದು ಕೆಲವರಿಗೆ ಅನ್ನಿಸಬಹುದು. ಒಂದು ಪ್ರತ್ಯಯದಿಂದ ಬಾಡಿಗೆಯ ಮನೆ ಕಳೆದುಕೊಂಡವರನ್ನು ನಾನು ಬಲ್ಲೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ತುಸು ವ್ಯಾಕರಣ. ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ ‘ದಾರಾ’ ಶಬ್ದ ಪುಲ್ಲಿಂಗ, ಅದೇ ಅರ್ಥದ ‘ಕಲತ್ರ’ ನಪುಂಸಕಲಿಂಗ. ಅಲ್ಲಿ ಲಿಂಗ ಶಬ್ದಕ್ಕೆ ಸೇರಿದ್ದು. ಕನ್ನಡದಲ್ಲಿ ಹಾಗಲ್ಲ, ಲಿಂಗ ಅರ್ಥಕ್ಕೆ ಸೇರಿದ್ದು. ಗಂಡಸರೂ ಗಂಡುದೇವರುಗಳೂ ಪುಲ್ಲಿಂಗ, ಹೆಂಗಸರೂ ಹೆಣ್ಣುದೇವತೆಗಳೂ ಸ್ತ್ರೀಲಿಂಗ, ಮಿಕ್ಕ ಗಿಡ ಮರ ದನ ಕರು ಕಲ್ಲು ಎಲ್ಲ ನಪುಂಸಕಲಿಂಗ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಲಿಂಗಗಳನ್ನು ಒಂಬತ್ತರವರೆಗೆ ಎಣಿಸಿದ್ದಾನೆ. ಪುಂಸ್ತ್ರೀಲಿಂಗ, ಸ್ತ್ರೀನಪುಂಸಕಲಿಂಗ ಎಂದೆಲ್ಲ ಅದರಲ್ಲಿ ಬರುತ್ತವೆ. ಆದರೆ ನಾವು ಪರೀಕ್ಷೆಗೆ ಕಲಿಸಿದ್ದು ಮೂರನ್ನೇ. ಮಗು, ಕೂಸು ನಪುಂಸಕಲಿಂಗದಲ್ಲಿರುವುದು ಪ್ರೀತಿಗೆ. ಹವ್ಯಕರ ಕನ್ನಡದಲ್ಲಿ ಮನೆಯ ಹೆಂಗಸರನ್ನೂ ‘ಅದು’ ಎನ್ನುತ್ತಾರೆ. ತೆಲುಗರ ‘ಅದಿ’ ಹೆಣ್ಣಿಗೂ ಸಲ್ಲುತ್ತದೆ, ವಸ್ತುವಿಗೂ ಸಲ್ಲುತ್ತದೆ. ಅಲ್ಲಿ ಯಾರಿಗೂ ಅವಮಾನವಿಲ್ಲ, ಏಕೆಂದರೆ ಎಲ್ಲ ಹೆಂಗಸರಿಗೂ ಅದೇ ಮಾತು. ಆದರೆ ಊರಿನ ಬೆಳೆದ ಮನುಷ್ಯರೆಲ್ಲ ‘ಅವನು’, ‘ಅವಳು’, ‘ಅವರು’ ಆಗಿ, ಅವರ ನಡುವೆ ಒಬ್ಬರು ಮಾತ್ರ ‘ಅದು’ ಆದರೆ, ಆ ಒಬ್ಬರನ್ನು ಮನುಷ್ಯರ ಸಾಲಿನಿಂದ ಎಬ್ಬಿಸಿ ಕಲ್ಲು ಮರಗಳ ಸಾಲಿನಲ್ಲಿ ಕೂರಿಸಿದಂತೆ.

ಇನ್ನೊಂದು ಸಂಗತಿಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದರೂ ಅದರ ತೂಕ ನನಗೆ ತಿಳಿದದ್ದು ಈ ವಿಷಯದಲ್ಲಿ ಮನಸ್ಸು ಹಾಕಿದ ಮೇಲೆಯೇ. ಉತ್ತಮ ಪುರುಷದಲ್ಲಿ ಕನ್ನಡಕ್ಕೆ ಲಿಂಗವಿಲ್ಲ. ‘ನಾನು ಬಂದೆನು’ ಎಂದರೆ ಗಂಡೋ ಹೆಣ್ಣೋ ತಿಳಿಯದು. ‘ನೀನು ಬಂದೆ’ ಎಂದರೂ ಅಷ್ಟೇ. ಹಿಂದಿಯಲ್ಲಿ ‘ಮೈಂ ಆಯಾ’, ‘ಮೈಂ ಆಯೀ’ ಎಂದು ತನ್ನ ಬಾಯಿಂದಲೇ ತನ್ನ ಲಿಂಗವನ್ನು ಹೇಳಬೇಕಾಗುತ್ತದೆ. ಕನ್ನಡದಲ್ಲಿ ಒಬ್ಬರು ತಮ್ಮ ಇಡೀ ಜೀವನಚರಿತ್ರೆಯನ್ನು ಹೇಳಿಕೊಂಡರೂ ಕ್ರಿಯಾಪದ ಗುಟ್ಟು ಬಿಡುವುದಿಲ್ಲ. ಲಿಂಗ ಅಂಟಿಕೊಳ್ಳುವುದು ಪ್ರಥಮ ಪುರುಷದಲ್ಲಿ, ಅಂದರೆ ನಮ್ಮ ಕುರಿತು ಬೇರೆಯವರು ಮಾತಾಡುವಾಗ. ಅದಕ್ಕೆ ಅನ್ಯ ಪುರುಷ ಎಂಬ ಹೆಸರೂ ಉಂಟು. ಸುದ್ದಿ ಎಂಬುದು ಸಂಪೂರ್ಣವಾಗಿ ಅನ್ಯ ಪುರುಷದ ಸಾಹಿತ್ಯ. ಆದ್ದರಿಂದಲೇ ಈ ಜಗಳ ಪತ್ರಿಕೆಯ ಅಂಗಳದಲ್ಲಿ ನಡೆಯುತ್ತದೆ.

ಪತ್ರಿಕೆಗಿಂತ ಮುಂಚೆ ನಮ್ಮ ಊರುಗಳಲ್ಲಿ ಮಾತು ಹೇಗಿತ್ತು? ನಾನು ಚಿಕ್ಕವನಿದ್ದಾಗ, ಬ್ಯಾಡಗಿ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ (ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ), ಸವದತ್ತಿಯ ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಓಣಿಗೆ ಜೋಗಪ್ಪಗಳು ಬರುತ್ತಿದ್ದರು. ಸೀರೆ, ಹಣೆತುಂಬ ಭಂಡಾರ, ಕಂಕುಳಲ್ಲಿ ಚೌಡಕಿ, ತಲೆಯ ಮೇಲೆ ದೇವಿಯ ಕೊಡ. ಹೆಸರಿನ ಕೊನೆಗೆ ‘ಅಪ್ಪ’, ಉಡುಗೆ ಹೆಣ್ಣಿನದು. ಈ ಇಕ್ಕಟ್ಟಿನಿಂದ ನಮ್ಮ ಅಜ್ಜಿ ಬಹಳ ಸುಲಭವಾಗಿ ಪಾರಾಗುತ್ತಿದ್ದಳು. ಬಾಗಿಲಲ್ಲಿ ಚೌಡಕಿಯ ಸದ್ದಾದೊಡನೆ ಒಳಗೆ ತಿರುಗಿ, “ಅವ್ವ ಬಂದಾಳ, ಮರದಾಗ ಜ್ವಾಳ ತುಂಬಿಕೊಂಡು ಬಾ” ಎನ್ನುವಳು. ಬಂದವಳು ಯಲ್ಲಮ್ಮ. ಹೊತ್ತು ತಂದವರ ಲಿಂಗವನ್ನು ವಿಚಾರಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಇದನ್ನು ಬಹಳ ಉದಾರವೆಂದು ಹೊಗಳಲು ನಾನು ಸಿದ್ಧನಿಲ್ಲ. ಅದೇ ಓಣಿಯ ಹುಡುಗರು ಜೋಗಪ್ಪ ತಿರುವಿನಲ್ಲಿ ಮರೆಯಾಗುತ್ತಲೇ ಅಡ್ಡಹೆಸರು ಕೂಗುತ್ತಿದ್ದರು. ತಲೆಯ ಮೇಲಿನ ಕೊಡಕ್ಕೆ ಮರ್ಯಾದೆಯಿತ್ತು, ಕೊಡ ಇಳಿಸಿದ ಮೇಲೆ ಇರಲಿಲ್ಲ. ದೇವರಿಗೆ ಬಿಡುವ ಪದ್ಧತಿಯ ಹಿಂದಿದ್ದ ಸಂಕಟ ಬೇರೆಯೇ ಕಥೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ 1982ರಲ್ಲಿ ಮಾಡಿತು.

ಇನ್ನು ಪತ್ರಿಕೆಗಳು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಈ ಜನ ಸುದ್ದಿಯಾಗುತ್ತಿದ್ದುದು ಬಹುಮಟ್ಟಿಗೆ ಒಂದೇ ಶಬ್ದದ ಅಡಿಯಲ್ಲಿ: ‘ಹಾವಳಿ’. ಕಾಡಾನೆಗಳ ಹಾವಳಿ, ಮಂಗಗಳ ಹಾವಳಿ, ಬೀದಿನಾಯಿಗಳ ಹಾವಳಿ, ಅದೇ ಸಾಲಿನಲ್ಲಿ ಹಿಜಡಾಗಳ ಹಾವಳಿ. ಇಲ್ಲಿ ‘ಗಳು’ ಎಂಬ ಬಹುವಚನವನ್ನು ಗಮನಿಸಿ. ಅರಸರು, ಹುಡುಗಿಯರು, ರೈತರು ಎಂದು ಮನುಷ್ಯರಿಗೆ ‘ರು’ ಹತ್ತುತ್ತದೆ. ಕಲ್ಲುಗಳು, ನಾಯಿಗಳು ಎಂದು ಉಳಿದವಕ್ಕೆ ‘ಗಳು’. ಗುರುಗಳು, ಸ್ವಾಮಿಗಳು, ಮಂತ್ರಿಗಳು ಎನ್ನುವುದಿಲ್ಲವೇ ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳುತ್ತೀರಿ, ಗೊತ್ತು. ಅನ್ನುತ್ತೇವೆ. ಆದರೆ ಮುಂದಿನ ಕ್ರಿಯಾಪದ ನೋಡಿ: ಗುರುಗಳು ‘ಬಂದರು’. ಹಿಜಡಾಗಳು ಎಷ್ಟೋ ವರದಿಗಳಲ್ಲಿ ‘ಬಂದವು’, ‘ಪೀಡಿಸುತ್ತಿವೆ’. ಬರೆದ ವರದಿಗಾರ ದುಷ್ಟನೆಂದು ನಾನು ಹೇಳಲಾರೆ. ಅವನ ಕಿವಿಗೆ ಅದು ತಪ್ಪೆಂದು ಕೇಳಿಸಲೇ ಇಲ್ಲ, ಅಷ್ಟೇ.

ನಮ್ಮ ಪಠ್ಯದಲ್ಲೂ ಈ ತೊಡಕು ಒಮ್ಮೆ ಎದುರಾಗಿತ್ತು. ಕುಮಾರವ್ಯಾಸನ ವಿರಾಟಪರ್ವದ ಭಾಗವನ್ನು ಕಲಿಸುವಾಗ ಒಬ್ಬ ಹುಡುಗ ಎದ್ದು, “ಸರ್, ಬೃಹನ್ನಳೆ ಬಂದನು ಅನ್ನಬೇಕೋ ಬಂದಳು ಅನ್ನಬೇಕೋ?” ಎಂದು ಕೇಳಿದ. ತರಗತಿ ಗೊಳ್ಳೆಂದಿತು. ಒಳ್ಳೆಯ ಪ್ರಶ್ನೆ. ಅರ್ಜುನನೆಂದು ಬಲ್ಲ ದ್ರೌಪದಿಯ ಮನಸ್ಸಿನಲ್ಲಿ ‘ಬಂದನು’. ನಾಟ್ಯ ಕಲಿಸುವ ಗುರುವೆಂದಷ್ಟೇ ಬಲ್ಲ ಉತ್ತರೆಯ ಮನಸ್ಸಿನಲ್ಲಿ ಹಾಗಲ್ಲ. ಲಿಂಗ ಪಾತ್ರದಲ್ಲಿ ಎಷ್ಟಿದೆಯೋ ಹೇಳುವವನ ತಿಳಿವಳಿಕೆಯಲ್ಲಿಯೂ ಅಷ್ಟಿದೆ. ಆದರೆ ಈ ಉದಾಹರಣೆಗೆ ಒಂದು ಮಿತಿಯಿದೆ. ಅರ್ಜುನನದು ಒಂದು ವರ್ಷದ ಅಜ್ಞಾತವಾಸ. ಅವಧಿ ತೀರಿದೊಡನೆ ಗಾಂಡೀವ ಹಿಡಿದ. ಪತ್ರಿಕೆಗಳು ದೀರ್ಘಕಾಲ ಮಾಡಿದ್ದು ಇದೇ ಎಣಿಕೆಯನ್ನು: ಸೀರೆ ಉಟ್ಟವರೆಲ್ಲ ಅಜ್ಞಾತವಾಸದಲ್ಲಿದ್ದಾರೆ, ಒಳಗೆ ಇನ್ನೊಬ್ಬನಿದ್ದಾನೆ, ಅವನನ್ನು ಹಿಡಿದು ತೋರಿಸುವುದೇ ಸುದ್ದಿ. ‘ಹೆಣ್ಣಿನ ವೇಷದಲ್ಲಿದ್ದ’ ಎಂಬ ವಿಶೇಷಣ ಹುಟ್ಟಿದ್ದು ಹೀಗೆ.

ವೇಷದ ಜೊತೆಗೆ ಬಂದದ್ದು ‘ಅಲಿಯಾಸ್’. ನಮ್ಮ ಕಡೆಯ ಹಳೆಯ ಕಾಗದಪತ್ರಗಳಲ್ಲಿ ‘ಉರ್ಫ್’ ಎಂದಿರುತ್ತಿತ್ತು, ಗೌರವಸ್ಥರ ಹೆಸರಿಗೂ ಅದು ಇರುತ್ತಿತ್ತು. ‘ಅಲಿಯಾಸ್’ ಮಾತ್ರ ಪೊಲೀಸ್ ಠಾಣೆಯಿಂದ ಪತ್ರಿಕೆಗೆ ಬಂದ ಶಬ್ದ, ಕಳ್ಳಕಾಕರ ಹೆಸರಿಗೆ ಅಂಟಿಕೊಂಡದ್ದು.

ಈಗ ಮೊದಲು ಹೇಳಿದ ಸಂಗತಿ. ನನ್ನ ಶಿಷ್ಯೆಯೊಬ್ಬಳ ಅನುಮತಿ ಪಡೆದು ಬರೆಯುತ್ತಿದ್ದೇನೆ. ಹೆಸರು, ವರ್ಷ ಹೇಳುವುದಿಲ್ಲ. ಗುರುತು ಹಿಡಿದವರು ದಯವಿಟ್ಟು ಸುಮ್ಮನಿರಿ. ಶಾಲೆಯ ದಾಖಲೆಯಲ್ಲಿ ಆಕೆಯದು ಹುಡುಗನ ಹೆಸರು. ಎಸ್ಸೆಸ್ಸೆಲ್ಸಿ ಮುಗಿಸಿ ಊರು ಬಿಟ್ಟು, ಕೆಲವು ವರ್ಷಗಳ ನಂತರ ಹೆಣ್ಣಾಗಿ ನಮ್ಮ ಜಿಲ್ಲೆಗೇ ಮರಳಿ, ಬೇರೊಂದು ಊರಿನಲ್ಲಿ ಕೋಣೆ ಹಿಡಿದು ಹೊಲಿಗೆ ಮಾಡಿಕೊಂಡಿದ್ದಳು. ಒಂದು ದಿನ ಬಸ್ ನಿಲ್ದಾಣದಲ್ಲಿ ಇವಳ ಗೆಳತಿಯ ಮೇಲೆ ಯಾರೋ ಕೈಮಾಡಿದರು, ಇವಳು ಅಡ್ಡ ಹೋದಳು, ಪೆಟ್ಟು ತಿಂದಳು, ಠಾಣೆಗೆ ಹೋಗಿ ದೂರು ಕೊಟ್ಟಳು. ಮರುದಿನ ಪತ್ರಿಕೆಯೊಂದರ ಒಳಪುಟದಲ್ಲಿ ಆರು ಸಾಲಿನ ಸುದ್ದಿ. ಆ ತುಂಡನ್ನು ಕತ್ತರಿಸಿಕೊಂಡು ನಮ್ಮ ಮನೆಗೆ ಬಂದಳು. ಕಟ್ಟೆಯ ಮೇಲೆ ಕುಳಿತು, “ಸರ್, ಒಂದು ವ್ಯಾಕರಣದ ಪ್ರಶ್ನೆ ಐತ್ರಿ” ಎಂದಳು.

“ಕೇಳವ್ವ” ಎಂದೆ.

“ಈ ಸುದ್ದಿಯೊಳಗ ಕರ್ತೃಪದ ಯಾವುದ್ರಿ?”

ಓದಿದೆ. ಮೊದಲ ವಾಕ್ಯದಲ್ಲಿ ಮಂಗಳಮುಖಿಗಳ ನಡುವೆ ಗಲಾಟೆ ‘ನಡೆಯಿತು’. ಎರಡನೆಯದರಲ್ಲಿ ಶಾಲೆಯ ಹೆಸರು, ಅಲಿಯಾಸ್, ಈಗಿನ ಹೆಸರು, ಗಾಯಗೊಂಡ ‘ಈತ’. ಮೂರನೆಯದರಲ್ಲಿ ‘ಆಕೆ’ ನೀಡಿದ ದೂರು. ಆರು ಸಾಲಿನಲ್ಲಿ ಒಬ್ಬಳೇ ವ್ಯಕ್ತಿ ಮೂರು ಲಿಂಗಗಳನ್ನು ದಾಟಿ ಬಂದಿದ್ದಳು. ಪೆಟ್ಟು ಕೊಟ್ಟವನ ಹೆಸರಂತೂ ಇರಲೇ ಇಲ್ಲ. ಕರ್ತೃಪದ ಇರಬೇಕಾದದ್ದು ಅವನದಾಗಿತ್ತು. ಮನೆಯ ಮಾಲಕಿ ಅಲ್ಲಿಯವರೆಗೆ ಇವಳನ್ನು “ಹೊಲಿಗೆ ಅಕ್ಕಾ” ಎನ್ನುತ್ತಿದ್ದವಳು, ಸುದ್ದಿ ಓದಿದ ಸಂಜೆಯೇ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಲು ಹೇಳಿದ್ದಳು. ನಾನು ಪತ್ರಿಕೆಯ ಕಚೇರಿಗೆ ಫೋನ್ ಮಾಡಿದೆ. ಎತ್ತಿಕೊಂಡ ಹುಡುಗ ವಿನಯವಂತ. “ಸರ್, ಪೊಲೀಸ್ ಪ್ರಕಟಣೆಯಲ್ಲಿ ಇದ್ದಂತೆ ಹಾಕಿದ್ದೇವೆ” ಎಂದ. ನಿಜವಿರಬೇಕು. ಠಾಣೆಯವರು ಗುರುತಿನ ಚೀಟಿಯಲ್ಲಿದ್ದಂತೆ ಬರೆಯುತ್ತಾರೆ, ಗುರುತಿನ ಚೀಟಿ ಶಾಲೆಯ ದಾಖಲೆಯಂತೆ ಇರುತ್ತದೆ, ಶಾಲೆಯ ದಾಖಲೆ ಒಂದನೆಯ ಇಯತ್ತೆಗೆ ಹೆಸರು ಹಚ್ಚುವಾಗ ತಂದೆ ಹೇಳಿದಂತೆ ಇರುತ್ತದೆ. ಈ ಸರಪಳಿಯಲ್ಲಿ ಎಲ್ಲಿಯೂ ಒಬ್ಬರೂ ಆಕೆಯನ್ನು ಕೇಳಲಿಲ್ಲ. ಆಕೆ ಈಗ ಮತ್ತೊಂದು ಊರಿನಲ್ಲಿದ್ದಾಳೆ. ಹೊಲಿಗೆ ನಡೆದಿದೆ.

ಇರಲಿ, ಚರಿತ್ರೆಗೆ ಮರಳುತ್ತೇನೆ. ಮಾತು ಬದಲಾಗತೊಡಗಿದ್ದು ಪತ್ರಿಕೆಯ ಮೇಜಿನ ಮೇಲಲ್ಲ, ಬೀದಿಯಲ್ಲಿ ಮತ್ತು ನ್ಯಾಯಾಲಯದಲ್ಲಿ. 2003ರಲ್ಲಿ ಪಿಯುಸಿಎಲ್‌ನ ಕರ್ನಾಟಕ ಘಟಕವು ಬೆಂಗಳೂರಿನ ಹಿಜಡಾ ಮತ್ತು ಕೋಥಿ ಸಮುದಾಯದವರ ಮೇಲಿನ ದೌರ್ಜನ್ಯದ ಬಗ್ಗೆ ವರದಿ ಪ್ರಕಟಿಸಿತು. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬ ಎರಡರ ಜೊತೆಗೆ ‘ಇತರೆ’ ಎಂಬ ಮೂರನೆಯ ಸಂಕೇತ ಬಂದು, ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266 ಜನ ಅದರಡಿ ಎಣಿಕೆಯಾದರು. ಅದೇ 2011ರಲ್ಲಿ ವಿಪರ್ಯಾಸವೊಂದು ನಡೆಯಿತು. ಕರ್ನಾಟಕ ಪೊಲೀಸ್ ಕಾಯಿದೆಗೆ 36-ಎ ಎಂಬ ಕಲಮು ಸೇರಿ, ಅನುಮಾನ ಬಂದ ‘ಯೂನಕ್’ಗಳ ಹೆಸರು ವಿಳಾಸಗಳ ದಫ್ತರವನ್ನು ಪೊಲೀಸರು ಇಡಲು ಅವಕಾಶ ಮಾಡಿತು. ಒಂದು ಕಡೆ ಜನಗಣತಿಯ ಪಟ್ಟಿ, ಇನ್ನೊಂದು ಕಡೆ ಠಾಣೆಯ ಪಟ್ಟಿ! ಸಮುದಾಯದವರು ಹೈಕೋರ್ಟಿಗೆ ಹೋದರು. ಆ ಶಬ್ದವನ್ನು ಕಾಯಿದೆಯಿಂದ ತೆಗೆಯುವ ಹೊತ್ತಿಗೆ 2017 ಬಂದಿತ್ತು. ಇದರ ನಡುವೆ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರು ನಾಲ್ಸಾ ಪ್ರಕರಣದಲ್ಲಿ ತೀರ್ಪಿತ್ತು, ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕು ವ್ಯಕ್ತಿಯದು ಎಂದರು. ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ, ಅನ್ಯ ಪುರುಷ ಬಳಸುವ ಮುಂಚೆ ಉತ್ತಮ ಪುರುಷವನ್ನು ಕೇಳಿ ಎಂದಂತಾಯಿತು.

ತೀರ್ಪಿನ ಬೆನ್ನಿಗೇ ನಮ್ಮ ಪತ್ರಿಕೆಗಳಲ್ಲಿ ‘ತೃತೀಯ ಲಿಂಗಿ’ ಎಂಬ ಶಬ್ದ ಹರಡಿತು. ನನಗೆ ಅದು ಅಷ್ಟಾಗಿ ಹಿಡಿಸಿಲ್ಲ. ಅಮರಕೋಶದಲ್ಲಿ ‘ತೃತೀಯಾಪ್ರಕೃತಿ’ ಇದೆ, ಹಳೆಯದೇ. ಆದರೆ ಷಂಡ, ಕ್ಲೀಬ, ನಪುಂಸಕಗಳ ಪಂಕ್ತಿಯಲ್ಲಿದೆ. ಕನ್ನಡ ಶಾಲೆಯಲ್ಲಿ ಕಲಿತವನಿಗೆ ಮೂರನೆಯ ಲಿಂಗವೆಂದರೆ ಮತ್ತೆ ಆ ನಪುಂಸಕಲಿಂಗವೇ, ಅಂದರೆ ‘ಬಂದಿತು’. ರಾಜ್ಯ ಸರ್ಕಾರ 2017ರ ನೀತಿಯಲ್ಲಿ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂದಿತು. ಉದ್ದವಾಯಿತು, ಕಚೇರಿಯ ವಾಸನೆಯೂ ಇದೆ, ಆದರೆ ಕೊನೆಗೆ ‘ರು’ ಇದೆ. ‘ಮಂಗಳಮುಖಿ’ ಶಬ್ದದಲ್ಲಿ ಹರಕೆಯ ಕಂಪಿದೆ. ಹರಸುವುದು ಬಿಟ್ಟು ಬೇರೆ ಕೆಲಸ ಮಾಡಬಯಸುವವರಿಗೆ ಅದು ಭಾರವಾಗುತ್ತದೆ.

2015ರಲ್ಲಿ ಒಂದು ಚಲನಚಿತ್ರದ ಶೀರ್ಷಿಕೆಯೇ ಸರ್ವನಾಮದ ಪಾಠವಾಗಿ ಬಂತು. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ... ಅವಳು’. ತಮಿಳಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಅದಕ್ಕೆ ಆಧಾರ. ನಾಯಕಿಯ ಪಾತ್ರಕ್ಕೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಆ ಪ್ರತಿಭಾವಂತ 2021ರ ಜೂನ್‌ನಲ್ಲಿ ಅಪಘಾತದಿಂದ ತೀರಿಕೊಂಡದ್ದು ನಿಮಗೆ ನೆನಪಿರುತ್ತದೆ. ಆ ಶೀರ್ಷಿಕೆಯ ಮೂರು ಪದಗಳನ್ನು ನೋಡಿ. ಲಿಂಗವಿಲ್ಲದ ‘ನಾನು’ ಎದ್ದು ನಿಂತು, ಇತರರು ಹಚ್ಚಿದ ಒಂದನ್ನು ತೆಗೆದು, ತನಗೆ ಸಲ್ಲುವ ಇನ್ನೊಂದನ್ನು ಕೇಳುತ್ತದೆ. ನನ್ನ ಮೂವತ್ತು ವರ್ಷದ ಸರ್ವನಾಮದ ಪಾಠಗಳಲ್ಲಿ ಇಷ್ಟು ಚೊಕ್ಕ ಉದಾಹರಣೆ ನನಗೆ ಹೊಳೆದಿರಲಿಲ್ಲ.

ಇನ್ನು ಮಂಜಮ್ಮ ಜೋಗತಿ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ದೀಕ್ಷೆ ಪಡೆದು, ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯ ಕಲಿತು, 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯನ್ನು ಮುನ್ನಡೆಸಲು ಬಂದವರು. ಆಗ ಪತ್ರಿಕೆಗಳಲ್ಲಿ ‘ಅಧ್ಯಕ್ಷೆ’ ಎಂಬ ಶಬ್ದ ಕಂಡೆ. ‘ಅವರು’ ಎನ್ನಲು ಗೌರವ ಸಾಕು. ‘ಅಧ್ಯಕ್ಷೆ’ ಎನ್ನಲು ಒಪ್ಪಿಗೆ ಬೇಕು. 2021ರ ನವೆಂಬರ್ 9ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಅವರು ಸೆರಗು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ನೋಡಿತು. ಆ ಚಿತ್ರದ ಅಡಿಯಲ್ಲಿ ‘ದೃಷ್ಟಿ ತೆಗೆದನು’ ಎಂದು ಬರೆಯಲು ಯಾವ ಕನ್ನಡಿಗನ ಕೈ ಓಡೀತು? ‘ಮಂಜಮ್ಮ’ ಎಂದು ಬರೆದ ಮೇಲೆ ಕ್ರಿಯಾಪದವನ್ನು ಆ ಹೆಸರೇ ಎಳೆದುಕೊಂಡು ಹೋಗುತ್ತದೆ. ಹಳೆಯ ಹೆಸರನ್ನು ಮುಂದಿಟ್ಟು ಅಲಿಯಾಸ್ ಹಚ್ಚುವವರಿಗೆ ಇದು ಚೆನ್ನಾಗಿ ಗೊತ್ತು. ‘ಈತ’ ಎಂದು ಬರೆಯಲು ಹಳೆಯ ಹೆಸರೇ ಅವರಿಗೆ ಬೇಕು.

ಅವರ ಜೀವನಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವೊಂದು ಆ ಹೆಸರಿನ ಹಿಂದಿದೆ. ಒಳಗೆ ಸುಳಿಯುವ ಆತ್ಮ ಎರಡೂ ಅಲ್ಲ ಎಂಬುದು ಅದರ ಭಾವ. ನಮ್ಮ ಭಾಷಣಕಾರರು ಈ ವಿಷಯ ಬಂದಾಗಲೆಲ್ಲ ಆ ವಚನ ಹೇಳಿ ಚಪ್ಪಾಳೆ ಪಡೆಯುತ್ತಾರೆ. ಪುಸ್ತಕದ ಹೆಸರು ಮಾತ್ರ ‘ಎರಡೂ ಅಲ್ಲ’ ಎನ್ನದೆ ಹೆಣ್ಣು ಎಂದಿತು. ಆತ್ಮಕ್ಕೆ ಲಿಂಗವಿಲ್ಲದಿರಬಹುದು, ಬಾಡಿಗೆ ಚೀಟಿಗೆ, ಬಸ್ಸಿನ ಸೀಟಿಗೆ, ಪತ್ರಿಕೆಯ ವಾಕ್ಯಕ್ಕೆ ಇದೆ.

ಇಂಗ್ಲಿಷಿನವರಿಗೆ ಈ ತೊಡಕು ಬೇರೆ ರೂಪದಲ್ಲಿ ಬಂತು. 2013ರ ಆಗಸ್ಟಿನಲ್ಲಿ ಅಮೆರಿಕದ ಸೈನಿಕೆ ಚೆಲ್ಸಿ ಮ್ಯಾನಿಂಗ್ ತಾನು ಹೆಣ್ಣೆಂದು ತಿಳಿಸಿದಾಗ ಅಲ್ಲಿಯ ದೊಡ್ಡ ಪತ್ರಿಕೆಗಳು ಕೆಲವು ದಿನ ತಡವರಿಸಿ ಆಮೇಲೆ ‘ಶಿ’ ಎಂದು ಬರೆಯತೊಡಗಿದವು. ಎರಡೂ ಬೇಡವೆನ್ನುವವರಿಗಾಗಿ ಬಹುವಚನದ ‘ದೇ’ಯನ್ನು ಏಕವಚನಕ್ಕೆ ಬಳಸಲು ಅಸೋಸಿಯೇಟೆಡ್ ಪ್ರೆಸ್ ತನ್ನ ಶೈಲಿಪುಸ್ತಕದಲ್ಲಿ ಅವಕಾಶ ಕೊಟ್ಟದ್ದು 2017ರಲ್ಲಿ, ಅದೂ ಹಿಂಜರಿಯುತ್ತ. ನಮ್ಮಲ್ಲಿ ‘ಅವರು’ ಸಿದ್ಧವಾಗಿಯೇ ಇದೆ. ಗಂಡಿಗೂ ಹೆಣ್ಣಿಗೂ ಒಂದೇ, ಒಬ್ಬರಿಗೂ ಹಲವರಿಗೂ ಒಂದೇ. ಹಾಗಿದ್ದೂ ನಮ್ಮ ಪತ್ರಿಕೆಗಳು ಇಷ್ಟು ವರ್ಷ ಒದ್ದಾಡಿದ್ದೇಕೆ? ‘ಅವರು’ ಪುಕ್ಕಟೆ ಸಿಗುವುದಿಲ್ಲ, ಅದಕ್ಕೇ. ಶಾಸಕರಿಗೆ ‘ಅವರು’, ಡಾಕ್ಟರಿಗೆ ‘ಅವರು’, ಕೂಲಿಯವನಿಗೆ ‘ಆತ’, ಆರೋಪಿಗೆ ‘ಈತ’. ಗೌರವದ ಪಂಕ್ತಿಯಲ್ಲಿ ಜಾಗವಿಲ್ಲದವರಿಗೆ ಏಕವಚನ, ಏಕವಚನಕ್ಕೆ ಇಳಿದೊಡನೆ ಲಿಂಗ ಹೇಳಲೇಬೇಕು. ಪ್ರಶಸ್ತಿ ಬಂದ ದಿನ ಲಿಂಗದ ತಂಟೆಯಿಲ್ಲ, ಪೆಟ್ಟು ತಿಂದ ದಿನ ಇದೆ. ನನ್ನ ಶಿಷ್ಯೆಯ ಆರು ಸಾಲಿನಲ್ಲಿ ‘ಅವರು’ ಎಂದೊಮ್ಮೆ ಬರೆದಿದ್ದರೆ ಒಂದು ಸಾಲೂ ಹೆಚ್ಚಾಗುತ್ತಿರಲಿಲ್ಲ.

ನೆರೆಯ ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ ಅವರು 2021ರಿಂದ ಒತ್ತಾಯಿಸಿದ ಫಲವಾಗಿ, ಇಂಥವರನ್ನು ಯಾವ ಶಬ್ದಗಳಿಂದ ಕರೆಯಬೇಕೆಂಬ ಪಟ್ಟಿಯನ್ನು ಸರ್ಕಾರ 2022ರ ಆಗಸ್ಟಿನಲ್ಲಿ ರಾಜ್ಯಪತ್ರದಲ್ಲಿ ಪ್ರಕಟಿಸಿತು. ತಿರುನಂಗೈ, ತಿರುನಂಬಿ ಎಂಬ ಒಳ್ಳೆಯ ಶಬ್ದಗಳು ಅವರಲ್ಲಿವೆ: ಮೊದಲನೆಯದು ಹೆಣ್ಣಾದವರಿಗೆ, ಎರಡನೆಯದು ಗಂಡಾದವರಿಗೆ. ಕನ್ನಡದಲ್ಲಿ ಈ ಎರಡನೆಯವರ ಬಗ್ಗೆ ನಾವು ಬರೆದದ್ದೇ ಕಡಿಮೆ. ಸೀರೆ ಬಿಟ್ಟು ಪ್ಯಾಂಟು ತೊಟ್ಟವರನ್ನು ಯಾರೂ ತಿರುಗಿ ನೋಡುವುದಿಲ್ಲ ಎಂಬುದು ಒಂದು ಕಾರಣವಿದ್ದೀತು.

ನಿಮ್ಮಲ್ಲಿ ಐದಾರು ಜನ ಪತ್ರಿಕೆಗಳಲ್ಲಿ, ವಾಹಿನಿಗಳಲ್ಲಿ ಕೆಲಸ ಮಾಡುತ್ತಿದ್ದೀರಿ. ಪೊಲೀಸ್ ಪ್ರಕಟಣೆಯಲ್ಲಿ ಒಂದು ಹೆಸರು, ದೂರು ಕೊಟ್ಟವರ ಬಾಯಲ್ಲಿ ಇನ್ನೊಂದು ಹೆಸರು ಇದ್ದಾಗ ರಾತ್ರಿ ಪುಟ ಮುಗಿಸುವ ಅವಸರದಲ್ಲಿ ನಿಮ್ಮ ಕಚೇರಿಯಲ್ಲಿ ಏನು ಮಾಡುತ್ತೀರಿ? ಫೋನ್ ಮಾಡಿ ಕೇಳುವ ರೂಢಿ ಇದೆಯೇ? ವಿವರವಾಗಿ ಬರೆದು ತಿಳಿಸಿ. ಮೊನ್ನೆ ಬಂದಾಗ ಆಕೆಯೂ ಇದನ್ನೇ ಕೇಳಿದಳು, ನನ್ನ ಬಳಿ ಉತ್ತರವಿರಲಿಲ್ಲ.